ಮೊದಲು ಕ್ರ್ಯಾಂಕ್ ಅಳೆ, ಆಮೇಲೆ ಸಿಲಿಂಡರ್ ಕೊಳ್ಳು

ಹಳೇ ಪುಷ್ಪಕ್ ಒಂದರ ಎಂಜಿನ್ ಬಿಚ್ಚೋದಕ್ಕೆ ಹೊರಟಿದ್ದೀಯಂತೆ. ಒಳ್ಳೇ ಕೆಲಸ ಮಗಾ. ಎಚ್‌ಎಎಲ್‌ನಲ್ಲಿ ಮುಖ್ಯ ವಿನ್ಯಾಸಕ ಘಾಟಗೆಯವರ ಕಾಲದಲ್ಲಿ ಹುಟ್ಟಿ, 1958ರಲ್ಲಿ ಮೊದಲು ಹಾರಿದ ವಿಮಾನ ಅದು. ದೇಶದ ಎಷ್ಟೋ ಹಾರಾಟ ಕ್ಲಬ್ಬುಗಳಲ್ಲಿ ಹುಡುಗರಿಗೆ ಹಾರೋದು ಕಲಿಸಿದ್ದು. ಮೈ ನಮ್ಮದಾದರೂ ಎಂಜಿನ್ ಅಮೆರಿಕದ ಕಾಂಟಿನೆಂಟಲ್ ಸಿ90. ತೊಂದರೆ ಇರೋದೇ ಅಲ್ಲಿ, ಅದರ ಭಾಗ ಹುಡುಕೋದರಲ್ಲಿ.

ನಿನ್ನ ಕೈಚಳಕದ ಬಗ್ಗೆ ನನಗೆ ಅನುಮಾನ ಇಲ್ಲ. ಹಾಲೆಮರದಲ್ಲಿ ವಿಮಾನವನ್ನೇ ಕಡೆದು ಅರಗು ಬಳಿದು ಕೊಡೋ ಚನ್ನಪಟ್ಟಣದವನು ನೀನು. ಮಾಗಡಿಯ ತೋಟದಲ್ಲಿ ಡೀಸೆಲ್ ಎಂಜಿನ್ ಕೆಟ್ಟರೆ ಇನ್ನೊಂದು ಕಂಪನಿಯ ಪಿಸ್ಟನ್ ತಂದು ಹೊಂದಿಸ್ತೀವಿ, ಕನಕಪುರದಲ್ಲಿ ಪಂಪ್‌ಸೆಟ್ಟಿನ ಬುಷ್ಷನ್ನು ಲೇತಿಗೆ ಕೊಟ್ಟು ಸಂಜೆಯೊಳಗೆ ನೀರು ಬಿಡ್ತೀವಿ. ಬಿಡದಿಯ ಟರ್ನರುಗಳು ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲೂ ಕಡೆದು ಕೊಡ್ತಾರೆ. ಆದರೂ ಆ ಬುಷ್ ವಿಮಾನಕ್ಕೆ ಬರೋದಿಲ್ಲ. ಯಾವ ಲೋಹ, ಎಲ್ಲಿ ಹದ ಮಾಡಿದ್ದು, ಯಾರು ಪರೀಕ್ಷಿಸಿದ್ದು ಅನ್ನೋದಕ್ಕೆ ಕಾಗದ ಬೇಕು. ಅಮೆರಿಕದಿಂದ ಬಂದರೆ 8130-3 ಅನ್ನೋ ಫಾರ್ಮ್, ಯುರೋಪಿನಿಂದಾದರೆ ಈಸಾ ಫಾರ್ಮ್ 1, ನಮ್ಮಲ್ಲಾದರೆ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಸಿಎ ಫಾರ್ಮ್ 1. ಕಾಗದವನ್ನು ಆಮೇಲೆ ಕಳಿಸ್ತೀನಿ ಅನ್ನೋ ಮಾರಾಟಗಾರನಿಗೆ ದುಡ್ಡನ್ನೂ ಆಮೇಲೆ ಕಳಿಸು.

ಎಲ್ಲರೂ ಮೊದಲು ಸಿಲಿಂಡರ್ ಹುಡುಕೋಕೆ ಹೋಗ್ತಾರೆ, ಹೊಳೆಯೋ ಸಾಮಾನು ನೋಡಿ. ಸಿ90ಗೆ ಅದೇನು ದೊಡ್ಡ ಕಷ್ಟವಲ್ಲ. ಸೆಸ್ನಾ 150ರಲ್ಲಿರೋ ಓ-200 ಎಂಜಿನ್ನೂ ಇದೇ ಮನೆತನದ್ದು, ಸಿಲಿಂಡರ್ ಹೆಚ್ಚುಕಮ್ಮಿ ಒಂದೇ. ಕ್ರ್ಯಾಂಕ್‌ಶಾಫ್ಟ್, ಕ್ಯಾಮ್‌ಶಾಫ್ಟ್, ಕೇಸ್ ಈ ಮೂರರಲ್ಲಿ ಮಾತ್ರ ಸುಮ್ಮನೆ ಅದಲುಬದಲು ಮಾಡೋಕಾಗಲ್ಲ. ಸಿ90 90 ಅಶ್ವಶಕ್ತಿ ಕೊಡೋದು ನಿಮಿಷಕ್ಕೆ 2475 ಸುತ್ತಿನಲ್ಲಿ; ಓ-200 100 ಅಶ್ವಶಕ್ತಿ ಕೊಡೋದು 2750ರಲ್ಲಿ. ಕ್ಯಾಮ್ ಬೇರೆ ಆಗಿರೋದು ಅದಕ್ಕೇ.

ಅದಕ್ಕೇ ಹೇಳೋದು, ಎಂಜಿನ್ ಬಿಚ್ಚಿದ ದಿನವೇ ಯಾವುದಕ್ಕೂ ಆರ್ಡರ್ ಹಾಕಬೇಡ. ಕ್ರ್ಯಾಂಕ್ ತೊಳೆದು ಜರ್ನಲ್‌ಗಳನ್ನು ಮೈಕ್ರೋಮೀಟರಿನಲ್ಲಿ ಅಳೆದು, ಓವರ್‌ಹಾಲ್ ಕೈಪಿಡಿಯ ಮಿತಿಗಳ ಪಟ್ಟಿಯ ಪಕ್ಕ ಬರೆದಿಡು. ಮ್ಯಾಗ್ನೆಟಿಕ್ ಪರೀಕ್ಷೆಗೆ ಕಳಿಸಿ, ಬಿರುಕಿಲ್ಲ ಅಂತ ಬರಹದಲ್ಲಿ ತರಿಸಿಕೋ. ಲಿಫ್ಟರ್‌ಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡು. ಎಂಜಿನ್ ವರ್ಷಗಟ್ಟಲೆ ಸುಮ್ಮನೆ ನಿಂತಿದ್ದರೆ ಒಳಗೆ ತೇವ ಕೂತು ಲಿಫ್ಟರ್ ಮುಖದಲ್ಲಿ ಸೂಜಿ ಚುಚ್ಚಿದಂಥ ಗುಳಿ ಬಿದ್ದಿರುತ್ತೆ. ಒಂದರಲ್ಲಿ ಕಂಡರೂ ಅದಕ್ಕೆ ಉಜ್ಜೋ ಕ್ಯಾಮನ್ನು ಮತ್ತೆ ನೋಡು, ನಂಬಬೇಡ. ಕ್ರ್ಯಾಂಕ್ ಹೋಗಿದೆ ಅಂತ ಸಿಲಿಂಡರ್ ಕೊಂಡಮೇಲೆ ಗೊತ್ತಾದರೆ, ನಾಲ್ಕು ಹೊಸ ಸಿಲಿಂಡರ್ ಇಟ್ಟುಕೊಂಡು ಏನು ಮಾಡ್ತೀಯ?

ಹಳೇ ಕ್ರ್ಯಾಂಕ್ ಕೊಳ್ಳೋದಾದರೆ ಫೋಟೋ ನೋಡಿ ಮಾರುಹೋಗಬೇಡ. ಎಷ್ಟು ಸಾಣೆ ಹಿಡಿದಿದ್ದಾರೆ, ಆಮೇಲೆ ನೈಟ್ರೈಡಿಂಗ್ ಮಾಡಿಸಿದರಾ, ಪ್ರೊಪೆಲ್ಲರ್ ಯಾವತ್ತಾದರೂ ನೆಲಕ್ಕೆ ಬಡಿದಿತ್ತಾ ಅಂತ ಕೇಳು. ಭಾಗದ ನಂಬರನ್ನು ಕ್ಯಾಟಲಾಗಿನ ಜತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡು. ಹಳೇ ನಂಬರಿಗೆ ಬದಲಿ ನಂಬರ್ ಬಂದಿದ್ದರೆ ಹಳೆಯದನ್ನೇ ಹುಡುಕ್ತಾ ಕೂರೋದು ದಂಡ.

ಏನೂ ಸಿಗಲಿಲ್ಲ ಅಂದುಕೋ, ಆಗ ಬೇರೆ ಎಂಜಿನ್ ಕೂರಿಸೋ ದಾರಿ ಇದೆ. 1951ರಲ್ಲಿ ಮೊದಲು ಹಾರಿದ ಎಚ್‌ಎಎಲ್‌ನ ಎಚ್‌ಟಿ-2 ತರಬೇತಿ ವಿಮಾನ ತಯಾರಿಕೆಗೆ ಬಂದಾಗ ಅದರಲ್ಲಿದ್ದ ಎಂಜಿನ್ ಬ್ರಿಟನ್ನಿನ ಸಿರಸ್ ಮೇಜರ್. ಮುಂದೆ ಅದನ್ನು ತೆಗೆದು ಲೈಕಾಮಿಂಗ್ ಕೂರಿಸಿದರು. ನೀನೂ ಹಾಗೆ ಮಾಡಬಹುದು, ಆದರೆ ಅದು ಮಾರ್ಪಾಡು. ಡಿಜಿಸಿಎ ಒಪ್ಪಿಗೆ ಬರೋವರೆಗೆ ಒಂದು ಬೋಲ್ಟೂ ಬಿಗಿಯಬೇಡ. ಕ್ರ್ಯಾಂಕ್ ಅಳತೆ ಕೈಗೆ ಬಂದ ಕೂಡಲೇ ಆ ಹಾಳೆ ತಗೊಂಡು ರಾಮನಗರಕ್ಕೆ ಬಾ, ಕೂತು ಪಟ್ಟಿ ಮಾಡೋಣ.