ಗಾಲಿಕುರ್ಚಿಯ ಪ್ರಯಾಣ

ಡೀಸೆಲ್ ತುಂಬಿದ ಪೀಪಾಯಿಯೊಂದನ್ನು ಟ್ರ್ಯಾಕ್ಟರಿನ ಟ್ರೇಲರಿಗೆ ಏರಿಸಬೇಕಾದಾಗ ನವಲಗುಂದ ಸೀಮೆಯ ರೈತನು ಅದನ್ನು ನೇರವಾಗಿ ಮೇಲೆತ್ತಲು ಹೋಗುವುದಿಲ್ಲ. ಎರಡು ಗಟ್ಟಿ ಹಲಗೆಗಳನ್ನು ಟ್ರೇಲರಿನ ಅಂಚಿಗೆ ಓರೆಯಾಗಿ ಆನಿಸುತ್ತಾನೆ. ಪೀಪಾಯಿಯನ್ನು ಅವುಗಳ ಮೇಲೆ ಮೆಲ್ಲನೆ ಉರುಳಿಸುತ್ತಾನೆ. ಹೊಲದಲ್ಲಿ ಹೂತ ಬಂಡೆಯನ್ನು ಕದಲಿಸಬೇಕಾದರೆ ಹಾರೆಯ ತುದಿಯನ್ನು ಅದರ ಅಡಿಗೆ ಸೇರಿಸಿ ಮೀಟುತ್ತಾನೆ. ಬಾವಿಯಿಂದ ಕೊಡವನ್ನು ಸೇದುವಾಗ ರಾಟೆಯ ಮೇಲೆ ಹಗ್ಗವನ್ನು ಹಾಯಿಸುತ್ತಾನೆ. ಇಳಿಜಾರು ಹಲಗೆ, ಸನ್ನೆಗೋಲು, ರಾಟೆ ಇವುಗಳನ್ನೇ ವಿಜ್ಞಾನವು ಸರಳ ಯಂತ್ರಗಳೆಂದು ಕರೆಯುತ್ತದೆ. ಶಾಲೆಯ ಮೆಟ್ಟಿಲು ಹತ್ತದವರೂ ತಲೆತಲಾಂತರದಿಂದ ಇವುಗಳ ಮರ್ಮವನ್ನು ಅರಿತಿದ್ದಾರೆ.

ಆದರೆ ಪೀಪಾಯಿಗೆ ದೊರೆತ ಈ ಜಾಣ್ಮೆ ಮನುಷ್ಯನಿಗೆ ಎಷ್ಟೋ ವೇಳೆ ದೊರೆತಿಲ್ಲ. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು, ಪಾರ್ಶ್ವವಾಯುವಿಗೆ ತುತ್ತಾದ ಹಿರಿಯರು, ಹುಟ್ಟಿನಿಂದಲೇ ಕಾಲುಗಳಲ್ಲಿ ಶಕ್ತಿಯಿಲ್ಲದ ಮಕ್ಕಳು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರಿಗೆ ಗಾಲಿಕುರ್ಚಿಯೇ ಕಾಲು. ಮನೆಯ ಅಂಗಳದಲ್ಲಿ, ಓಣಿಯಲ್ಲಿ ಅವರು ಅದರ ನೆರವಿನಿಂದ ತಮ್ಮಷ್ಟಕ್ಕೆ ತಾವು ಸಂಚರಿಸಬಲ್ಲರು. ಕಷ್ಟ ಮೊದಲಾಗುವುದು ಊರು ಬಿಟ್ಟು ಹೊರಡಬೇಕಾದಾಗ. ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿ ಈ ಊರುಗಳು ಹುಬ್ಬಳ್ಳಿಯಿಂದ ಸುಮಾರು 20ರಿಂದ 40 ಕಿಲೋಮೀಟರ್ ದೂರದಲ್ಲಿವೆ. ದೊಡ್ಡ ಆಸ್ಪತ್ರೆ, ಕಾಲೇಜು, ಕಚೇರಿಗಳಿಗಾಗಿ ಜನರು ಹುಬ್ಬಳ್ಳಿ ಧಾರವಾಡಗಳಿಗೆ ಹೋಗಲೇಬೇಕು.

ಇಂಥ ಪ್ರಯಾಣ ಸಾಮಾನ್ಯವಾಗಿ ಹೇಗೆ ನಡೆಯುತ್ತದೆ? ಬಾಡಿಗೆಯ ಕಾರು ಅಥವಾ ಟಂಟಂ ಬಾಗಿಲ ಮುಂದೆ ನಿಲ್ಲುತ್ತದೆ. ನೆರೆಯವರು ಇಬ್ಬರು ಮೂವರು ಸೇರಿ, ಒಬ್ಬರು ಬಗಲಿಗೆ, ಇನ್ನೊಬ್ಬರು ಮೊಳಕಾಲಿಗೆ ಕೈಹಾಕುತ್ತಾರೆ. “ಸಾವಕಾಶ ಎತ್ತ್ರಿ, ಕಾಲಿಗೆ ಬಡದೀತು” ಎಂದು ಮನೆಯ ಹಿರಿಯಳು ಎಚ್ಚರಿಸುತ್ತಾಳೆ. ರೋಗಿಯು ಆಸನದ ಮೇಲೆ ಕೂಡುತ್ತಾನೆ. ಆದರೆ ಗಾಲಿಕುರ್ಚಿಯು ಮನೆಯ ಕಟ್ಟೆಯ ಮೇಲೆಯೇ ಉಳಿಯುತ್ತದೆ. ಆಸ್ಪತ್ರೆಯ ಬಾಗಿಲಿನಲ್ಲಿ ಇಳಿಯುವಾಗ ಪುನಃ ಎತ್ತುವವರು ಬೇಕು. ನೀರು ಕುಡಿಯಲು, ಬಹಿರ್ದೆಸೆಗೆ ಹೋಗಲು, ಔಷಧದ ಅಂಗಡಿಗೆ ಸಾಗಲು ಇತರರ ತೋಳುಗಳನ್ನು ಕಾಯಬೇಕು. ಮನೆಯಲ್ಲಿ ಸ್ವತಂತ್ರನಾಗಿದ್ದವನು ಊರ ಹೊರಗೆ ಪರಾಧೀನನಾಗುತ್ತಾನೆ. ಇದರಿಂದ ಬೇಸತ್ತು ಎಷ್ಟೋ ಜನರು ಪ್ರಯಾಣವನ್ನೇ ಬಿಟ್ಟುಬಿಡುತ್ತಾರೆ.

ಇದರಲ್ಲಿ ಅಪಾಯವೂ ಇದೆ. ಬೆನ್ನುಹುರಿಗೆ ಪೆಟ್ಟಾದವರ ಕಾಲುಗಳಲ್ಲಿ ಸ್ಪರ್ಶಜ್ಞಾನವೂ ಇಲ್ಲದಿರಬಹುದು. ಎತ್ತುವಾಗ ಕಾಲು ಬಾಗಿಲಿನ ಅಂಚಿಗೆ ತರಚಿದರೂ ಅವರಿಗೆ ತಿಳಿಯುವುದಿಲ್ಲ. ಕಣ್ಣಿಗೆ ಬೀಳದ ಆ ಗಾಯವು ಹುಣ್ಣಾಗಿ ತಿಂಗಳುಗಟ್ಟಲೆ ಪೀಡಿಸಬಹುದು. ಎತ್ತುವವರ ಗತಿಯೂ ಸುಖಕರವಲ್ಲ. ದಿನವೂ ಎತ್ತಿ ಇಳಿಸುವ ತಾಯಿಯೋ ಮಡದಿಯೋ ಕೊನೆಗೆ ತಾನೇ ಬೆನ್ನುನೋವಿಗೆ ಒಳಗಾಗುತ್ತಾಳೆ. ಆದುದರಿಂದ ಗಾಲಿಕುರ್ಚಿಯನ್ನು ವಾಹನಕ್ಕೆ ಏರಿಸುವ ಉಪಾಯವು ಸಣ್ಣ ವಿಷಯವಾಗಿ ತೋರಿದರೂ ಅದರ ಫಲ ದೊಡ್ಡದು.

ಈ ಸಮಸ್ಯೆಗೆ ಮೊದಲ ಮುಖ್ಯ ಪರಿಹಾರವು ಅದನ್ನು ಸ್ವತಃ ಅನುಭವಿಸಿದವನಿಂದಲೇ ಬಂದಿತು. ಅಮೆರಿಕದ ಹರ್ಬರ್ಟ್ ಎವರೆಸ್ಟ್ ಎಂಬ ಗಣಿ ಎಂಜಿನಿಯರನು ಗಣಿಯ ಅಪಘಾತದಲ್ಲಿ ಬೆನ್ನಿಗೆ ಪೆಟ್ಟಾಗಿ ನಡೆಯುವ ಶಕ್ತಿಯನ್ನು ಕಳೆದುಕೊಂಡನು. ಆಗಿನ ಗಾಲಿಕುರ್ಚಿಗಳು ಬಲು ಭಾರವಾಗಿದ್ದವು, ಕಾರಿನಲ್ಲಿ ಹಿಡಿಸುತ್ತಿರಲಿಲ್ಲ. ಎವರೆಸ್ಟನು ತನ್ನ ಮಿತ್ರನೂ ಎಂಜಿನಿಯರನೂ ಆಗಿದ್ದ ಹ್ಯಾರಿ ಜೆನಿಂಗ್ಸ್‌ನೊಡನೆ ಸೇರಿ 1933ರಲ್ಲಿ ಉಕ್ಕಿನ ಕೊಳವೆಗಳ ಮಡಿಸುವ ಗಾಲಿಕುರ್ಚಿಯನ್ನು ನಿರ್ಮಿಸಿದನು. ಅದರ ಆಸನದ ಕೆಳಗೆ ಎರಡು ಸರಳುಗಳು ಕತ್ತರಿಯಂತೆ ಒಂದನ್ನೊಂದು ಹಾಯ್ದು ಹೋಗುತ್ತವೆ. ಆಸನದ ಬಟ್ಟೆಯನ್ನು ಮೇಲಕ್ಕೆ ಎಳೆದರೆ ಕತ್ತರಿ ಮುಚ್ಚಿಕೊಂಡು ಎರಡು ದೊಡ್ಡ ಗಾಲಿಗಳು ಹತ್ತಿರಕ್ಕೆ ಬರುತ್ತವೆ. ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ಸಾಮಾನ್ಯವಾಗಿ ಕಾಣುವ ಮಡಿಸುವ ಕುರ್ಚಿಗಳು ಇಂದಿಗೂ ಇದೇ ರಚನೆಯವು.

ಕುರ್ಚಿ ಮಡಿಸಿಕೊಂಡರೂ ಎರಡು ಪ್ರಶ್ನೆಗಳು ಉಳಿದವು. ಕುಳಿತವನು ಕುರ್ಚಿಯಿಂದ ಕಾರಿನ ಆಸನಕ್ಕೆ ಸಾಗುವುದು ಹೇಗೆ? ಖಾಲಿಯಾದ ಕುರ್ಚಿಯನ್ನು ಕಾರಿನೊಳಗೆ ಇಡುವುದು ಹೇಗೆ?

ಮೊದಲನೆಯ ಪ್ರಶ್ನೆಗೆ ಜಾರುಹಲಗೆಯು ಸರಳವಾದ ಉತ್ತರ. ಇದು ಸುಮಾರು ಎರಡೂವರೆ ಅಡಿ ಉದ್ದದ, ಚೆನ್ನಾಗಿ ನುಣುಪು ಮಾಡಿದ ಗಟ್ಟಿ ಹಲಗೆ. ಅದರ ಒಂದು ತುದಿ ಕುರ್ಚಿಯ ಮೇಲೆ, ಇನ್ನೊಂದು ತುದಿ ಕಾರಿನ ಆಸನದ ಮೇಲೆ ಇರುತ್ತದೆ. ತೋಳುಗಳಲ್ಲಿ ಶಕ್ತಿಯುಳ್ಳವನು ಕೈಗಳನ್ನು ಊರಿ ಸ್ವಲ್ಪ ಸ್ವಲ್ಪವೇ ಸರಿದು ಕಾರನ್ನು ಸೇರಬಲ್ಲನು. ನುಣುಪಿನಿಂದ ಘರ್ಷಣೆ ಕಡಿಮೆಯಾಗುವುದೇ ಇದರ ಗುಟ್ಟು. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿಯಂಥ ಊರಿನ ಬಡಗಿಗೆ ಇಂಥ ಹಲಗೆಯನ್ನು ಸಿದ್ಧಪಡಿಸುವುದು ದೊಡ್ಡ ಕೆಲಸವೇನಲ್ಲ.

ಎರಡನೆಯ ಪ್ರಶ್ನೆಗೆ ಸನ್ನೆಗೋಲಿನ ತತ್ವ ಉತ್ತರ ನೀಡುತ್ತದೆ. ಮಡಿಸಿದ ಕುರ್ಚಿಯ ತೂಕ 18 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಅದನ್ನು ಒಮ್ಮೆಲೇ ಎತ್ತಿ ಡಿಕ್ಕಿಯೊಳಗೆ ಇಡುವುದು ಬೆನ್ನಿಗೆ ಶ್ರಮ. ಮೊದಲು ಕಾಲಿಡುವ ಪಟ್ಟಿಗಳನ್ನು ಬಿಚ್ಚಿಡಬೇಕು. ಡಿಕ್ಕಿಯ ಅಂಚಿಗೆ ಕಂಬಳಿಯೊಂದನ್ನು ಹಾಸಿ, ಕುರ್ಚಿಯ ಒಂದು ಬದಿಯನ್ನು ಮಾತ್ರ ಎತ್ತಿ ಆ ಅಂಚಿಗೆ ಆನಿಸಬೇಕು. ಆಗ ಅಂಚೇ ಆಧಾರವಾಗುತ್ತದೆ. ಇನ್ನೊಂದು ಬದಿಯನ್ನು ಎತ್ತಿ ಒಳಕ್ಕೆ ತಳ್ಳಿದರೆ ಒಂದು ಸಲಕ್ಕೆ ಕೈಗಳ ಮೇಲೆ ಬೀಳುವ ಭಾರ ಸುಮಾರು ಅರ್ಧ ಮಾತ್ರ.

ಇದನ್ನೂ ಮಾಡಲಾರದವರಿಗಾಗಿ ಯಂತ್ರಗಳಿವೆ. ಕಾರಿನ ಹಿಂಭಾಗದಲ್ಲಿ ಕೂರಿಸಿದ ಚಿಕ್ಕ ಕ್ರೇನು ಅವುಗಳಲ್ಲೊಂದು. ಅದರ ಉಕ್ಕಿನ ತೋಳಿನಿಂದ ಪಟ್ಟಿಯೊಂದು ಇಳಿಯುತ್ತದೆ. ಪಟ್ಟಿಯ ಕೊಕ್ಕೆಯನ್ನು ಕುರ್ಚಿಗೆ ಸಿಕ್ಕಿಸಿ ಗುಂಡಿಯನ್ನು ಒತ್ತಿದರೆ ಕಾರಿನ 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಮೋಟಾರು ಕುರ್ಚಿಯನ್ನು ಮೇಲೆತ್ತುತ್ತದೆ. ಪುಟ್ಟ ಮೋಟಾರಿಗೆ ಇಷ್ಟು ಶಕ್ತಿ ಬರುವುದು ಹಲ್ಲುಗಾಲಿಗಳಿಂದ. ವೇಗವಾಗಿ ತಿರುಗುವ ಮೋಟಾರಿನ ಚಲನೆಯನ್ನು ಅವು ನಿಧಾನಗೊಳಿಸಿ ಬಲವನ್ನು ಹೆಚ್ಚಿಸುತ್ತವೆ. ಕೆಲವು ದೇಶಗಳಲ್ಲಿ ಕಾರಿನ ಮಾಳಿಗೆಯ ಮೇಲೆ ಪೆಟ್ಟಿಗೆಯನ್ನಿರಿಸಿ, ಕುರ್ಚಿಯನ್ನು ಯಂತ್ರದಿಂದ ಮೇಲೆಳೆದು ಅದರೊಳಗೆ ಮಲಗಿಸುವ ಸಾಧನವೂ ಬಳಕೆಯಲ್ಲಿದೆ. ಇದರಿಂದ ಕಾಲಿಲ್ಲದವನು ಒಬ್ಬನೇ ಕಾರನ್ನು ನಡೆಸಿಕೊಂಡು ಹೋಗಬಲ್ಲನು.

ಆದರೆ ಆಸನವನ್ನು ಬದಲಿಸಲು ಶಕ್ತಿಯೇ ಇಲ್ಲದವರಿಗೆ ಇವು ಸಾಲವು. ಅವರು ಕುರ್ಚಿಯಲ್ಲಿ ಕುಳಿತಿರುವಂತೆಯೇ ವಾಹನವನ್ನು ಏರಬೇಕು. ಇಲ್ಲಿ ರೈತನ ಓರೆ ಹಲಗೆಯು ಮತ್ತೆ ನೆನಪಿಗೆ ಬರುತ್ತದೆ. ಕುಳಿತವನ ತೂಕ 60 ಕಿಲೋಗ್ರಾಂ, ಕುರ್ಚಿಯ ತೂಕ 20 ಕಿಲೋಗ್ರಾಂ, ವಾಹನದ ನೆಲ ಭೂಮಿಯಿಂದ 60 ಸೆಂಟಿಮೀಟರ್ ಎತ್ತರ ಎಂದು ಭಾವಿಸಬಹುದು. ನೇರವಾಗಿ ಎತ್ತಬೇಕಾದರೆ 80 ಕಿಲೋಗ್ರಾಂ ಭಾರ. ಎತ್ತರದ ನಾಲ್ಕು ಪಟ್ಟು, ಅಂದರೆ 2.4 ಮೀಟರ್ ಉದ್ದದ ಇಳಿಜಾರು ಹಲಗೆಯ ಮೇಲೆ ತಳ್ಳಿದರೆ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದಾಗ, ಬೇಕಾಗುವುದು 20 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ. ಎಂಬತ್ತನ್ನು 0.6ರಿಂದ ಗುಣಿಸಿದರೂ, ಇಪ್ಪತ್ತನ್ನು 2.4ರಿಂದ ಗುಣಿಸಿದರೂ ಬರುವುದು 48. ಎಂದರೆ ಮಾಡಿದ ಕೆಲಸದಲ್ಲಿ ಉಳಿತಾಯವಿಲ್ಲ. ಬಲದಲ್ಲಿ ಪಡೆದ ಲಾಭಕ್ಕೆ ದೂರದ ರೂಪದಲ್ಲಿ ಬೆಲೆ ತೆರಬೇಕು.

ಕಟ್ಟಡಗಳ ಇಳಿಜಾರಿಗೆ ಸಾಮಾನ್ಯವಾಗಿ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕೆಂಬ ನಿಯಮವಿದೆ. ಈ ಪ್ರಮಾಣದಂತೆ ಮಾಡಿದರೆ ಮೇಲೆ ಹೇಳಿದ ವಾಹನಕ್ಕೆ 7 ಮೀಟರಿಗೂ ಮಿಕ್ಕಿದ ಹಲಗೆ ಬೇಕಾಗುತ್ತದೆ! ಅದನ್ನು ಹೊತ್ತು ತಿರುಗುವುದು ಅಸಾಧ್ಯ. ಆದುದರಿಂದ ವಾಹನದ ಹಲಗೆಗಳು ಕಡಿದಾಗಿಯೇ ಇರುತ್ತವೆ; ಹಿಂದಿನಿಂದ ತಳ್ಳಲು ಸಹಾಯಕನೋ ಮುಂದಿನಿಂದ ಎಳೆಯಲು ಮೋಟಾರೋ ಬೇಕಾಗುತ್ತದೆ. ಹಲಗೆಯನ್ನು ಉದ್ದ ಮಾಡುವುದರ ಬದಲು ವಾಹನದ ನೆಲವನ್ನೇ ತಗ್ಗಿಸುವುದು ಇನ್ನೊಂದು ಮಾರ್ಗ. ಕುರ್ಚಿಯಲ್ಲಿ ಕುಳಿತವನ ತಲೆ ಬಾಗಿಲಿಗೆ ತಗುಲದಂತಿರಲೂ ಇದು ಅವಶ್ಯ.

ಮೂರನೆಯ ಮಾರ್ಗ, ಏರುವ ಹಲಗೆಯ ಬದಲು ಎತ್ತುವ ಹಲಗೆ. ಇದನ್ನು ಬಳಕೆಗೆ ತಂದವರಲ್ಲಿ ಅಮೆರಿಕದ ರಾಲ್ಫ್ ಬ್ರಾನ್ ಪ್ರಮುಖನು. 1940ರಲ್ಲಿ ಜನಿಸಿದ ಈತನು ಬಾಲ್ಯದಲ್ಲಿಯೇ ಸ್ನಾಯುಗಳು ಕ್ಷೀಣಿಸುವ ರೋಗಕ್ಕೆ ತುತ್ತಾದನು. ಕೆಲಸಕ್ಕೆ ಹೋಗಿಬರಲು ಬೇರೆ ದಾರಿ ಕಾಣದೆ, 1966ರಲ್ಲಿ ಹಳೆಯ ಅಂಚೆ ಜೀಪೊಂದಕ್ಕೆ ಎತ್ತುವ ಹಲಗೆಯನ್ನೂ ಕೈಯಿಂದಲೇ ನಡೆಸುವ ಹತೋಟಿಗಳನ್ನೂ ಅಳವಡಿಸಿಕೊಂಡನು. 1970ರಲ್ಲಿ ವ್ಯಾನಿಗೂ ಅಂಥ ಸಾಧನವನ್ನು ಸಿದ್ಧಪಡಿಸಿದನು. ತನಗಾಗಿ ಮಾಡಿಕೊಂಡ ಉಪಾಯವನ್ನು ಇತರರೂ ಕೇಳತೊಡಗಿದಾಗ ಅದುವೇ ಒಂದು ಉದ್ಯಮವಾಗಿ ಬೆಳೆಯಿತು. ಇಂಥ ಹಲಗೆಗಳಲ್ಲಿ ಹಲವು ದ್ರವದ ಒತ್ತಡದಿಂದ ಕೆಲಸ ಮಾಡುತ್ತವೆ. ಟ್ರ್ಯಾಕ್ಟರಿನ ಟ್ರೇಲರು ಮೇಲೆದ್ದು ಮಣ್ಣನ್ನು ಸುರಿಯುವುದೂ ಇದೇ ತತ್ವದಿಂದ.

ಯಾವ ಸಾಧನವನ್ನೇ ಬಳಸಲಿ, ಕೆಲವು ಎಚ್ಚರಿಕೆಗಳು ಅಗತ್ಯ. ಕಪ್ಪು ಎರೆಮಣ್ಣಿನ ನೆಲವು ಮಳೆಗಾಲದಲ್ಲಿ ಕುಸಿಯುತ್ತದೆ. ಕುರ್ಚಿಯ ಮುಂದಿನ ಪುಟ್ಟ ಗಾಲಿಗಳು ಅದರಲ್ಲಿ ಹೂತುಹೋಗುತ್ತವೆ. ಆದುದರಿಂದ ವಾಹನವನ್ನು ಗಟ್ಟಿ ನೆಲದ ಮೇಲೆಯೇ ನಿಲ್ಲಿಸಬೇಕು. ಹಲಗೆಯ ಮೇಲ್ತುದಿ ವಾಹನದಿಂದ ಜಾರದಂತೆ ಕೊಕ್ಕೆಯಿರಬೇಕು. ಎರಡೂ ಅಂಚಿಗೆ ದಂಡೆಯಿರಬೇಕು. ಕಡಿದಾದ ಹಲಗೆಯಿಂದ ಇಳಿಸುವಾಗ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಬೇಕು, ಸಹಾಯಕನು ಕೆಳಬದಿಯಲ್ಲಿರಬೇಕು. ವಾಹನದೊಳಗೆ ಕುರ್ಚಿಯ ಚೌಕಟ್ಟನ್ನು ನಾಲ್ಕು ಕಡೆಗಳಲ್ಲಿ ನೆಲಕ್ಕೆ ಬಿಗಿಯಬೇಕು. ಕುಳಿತವನಿಗೆ ಬೇರೆಯೇ ಆದ ಸುರಕ್ಷಾಪಟ್ಟಿ ಬೇಕು. ಕುರ್ಚಿಯ ಬ್ರೇಕು ಒಂದನ್ನೇ ನಂಬಿ ವಾಹನವನ್ನು ನಡೆಸುವುದು ಸಲ್ಲದು.

ಕಾರು ಎಲ್ಲರಿಗೂ ಎಟುಕುವ ವಾಹನವಲ್ಲ. ಬಹುಜನರು ಏರುವುದು ಬಸ್ಸನ್ನು. ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ 2018ರಲ್ಲಿ ಸಂಚಾರ ಆರಂಭಿಸಿದ ತ್ವರಿತ ಸಾರಿಗೆ ಬಸ್ಸುಗಳಿಗಾಗಿ ನಿಲ್ದಾಣದ ಕಟ್ಟೆಯನ್ನೇ ಬಸ್ಸಿನ ನೆಲದಷ್ಟು ಎತ್ತರಕ್ಕೆ ಕಟ್ಟಲಾಯಿತು. ಮೆಟ್ಟಿಲನ್ನು ಹತ್ತುವ ಪ್ರಶ್ನೆಯೇ ಅಲ್ಲಿ ಏಳದು. ವಾಹನಕ್ಕೆ ಏರುವುದನ್ನು ಕಲಿಸುವ ಬದಲು ಏರಬೇಕಾದ ಎತ್ತರವನ್ನೇ ಇಲ್ಲವಾಗಿಸುವುದು ಇದರ ತತ್ವ. ಆದರೆ ಹಳ್ಳಿಯ ದಾರಿಯಲ್ಲಿ ಓಡುವ ಸಾಮಾನ್ಯ ಬಸ್ಸಿನ ಕಡಿದಾದ ಮೆಟ್ಟಿಲುಗಳು ಗಾಲಿಕುರ್ಚಿಗೆ ಗೋಡೆಯಿದ್ದಂತೆ. ನಮ್ಮ ದೇಶದ ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮವು ಸಾರಿಗೆಯನ್ನು ಅವರಿಗೂ ಎಟುಕುವಂತೆ ಮಾಡುವುದು ಸರ್ಕಾರದ ಕರ್ತವ್ಯವೆಂದು ಹೇಳಿದೆ. ವಾಹನಗಳನ್ನು ಅವರ ಅನುಕೂಲಕ್ಕೆ ತಕ್ಕಂತೆ ಮಾರ್ಪಡಿಸಲು ನೆರವಾಗುವ ಯೋಜನೆಗಳನ್ನು ರೂಪಿಸಬೇಕೆಂದೂ ಅದರಲ್ಲಿ ವಿಧಿಸಲಾಗಿದೆ. ಕಾಯಿದೆಯ ಈ ಮಾತು ಹಳ್ಳಿಯ ಬಸ್ ನಿಲ್ದಾಣವನ್ನು ತಲುಪುವುದು ಇನ್ನೂ ಬಾಕಿ ಇದೆ.

ಎವರೆಸ್ಟನಿಗೂ ಬ್ರಾನನಿಗೂ ಬೇಕಾಗಿದ್ದುದು ಇತರರ ಮರುಕವಲ್ಲ. ತಮ್ಮ ಕೆಲಸಕ್ಕೆ ತಾವೇ ಹೋಗಿಬರುವ ದಾರಿ. ಆ ದಾರಿಗೆ ಬೇಕಾದ ಸನ್ನೆ, ರಾಟೆ, ಓರೆ ಹಲಗೆಗಳು ಪ್ರತಿಯೊಂದು ಹಳ್ಳಿಯಲ್ಲಿಯೂ ಇವೆ. ಅವುಗಳನ್ನು ಬಳಸಬಲ್ಲ ಬಡಗಿಗಳೂ ಕಮ್ಮಾರರೂ ವೆಲ್ಡಿಂಗ್ ಕೆಲಸದವರೂ ಇದ್ದಾರೆ. ಪೀಪಾಯಿಗಾಗಿ ಹಲಗೆಯನ್ನು ಹುಡುಕಿ ತರುವ ಕೈಗಳು ನೆರೆಮನೆಯ ಗಾಲಿಕುರ್ಚಿಗಾಗಿಯೂ ಅದನ್ನು ತಂದರೆ, ಕಟ್ಟೆಯ ಮೇಲೆ ಉಳಿದುಹೋಗುವ ಕುರ್ಚಿಯು ತನ್ನ ಒಡೆಯನೊಡನೆ ಹುಬ್ಬಳ್ಳಿಯನ್ನು ಸೇರುತ್ತದೆ.

ಅಭ್ಯಾಸ

ಅ) ಪದಗಳ ಅರ್ಥ
ಓರೆ – ವಾಲಿದ, ನೇರವಲ್ಲದ
ಮರ್ಮ – ಗುಟ್ಟು
ಪರಾಧೀನ – ಇತರರ ವಶದಲ್ಲಿರುವವನು
ಬಹಿರ್ದೆಸೆ – ಮಲವಿಸರ್ಜನೆ
ಘರ್ಷಣೆ – ಉಜ್ಜುವಿಕೆ
ಅಧಿನಿಯಮ – ಕಾಯಿದೆ

ಆ) ಒಂದು ವಾಕ್ಯದಲ್ಲಿ ಉತ್ತರಿಸಿರಿ
1. ಈ ಪಾಠದಲ್ಲಿ ಹೆಸರಿಸಿದ ಸರಳ ಯಂತ್ರಗಳು ಯಾವುವು?
2. ಮಡಿಸುವ ಗಾಲಿಕುರ್ಚಿಯನ್ನು ಯಾರು, ಯಾವಾಗ ನಿರ್ಮಿಸಿದರು?
3. ಜಾರುಹಲಗೆಯನ್ನು ನುಣುಪು ಮಾಡುವುದೇಕೆ?

ಇ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ
1. ಗಾಲಿಕುರ್ಚಿಯನ್ನು ಬಿಟ್ಟು ಪ್ರಯಾಣ ಮಾಡುವವನಿಗೆ ಒದಗುವ ಕಷ್ಟಗಳಾವುವು?
2. ಬೆನ್ನುಹುರಿಗೆ ಪೆಟ್ಟಾದವರನ್ನು ಎತ್ತಿ ಸಾಗಿಸುವುದು ಏಕೆ ಅಪಾಯಕರ?
3. ಹುಬ್ಬಳ್ಳಿ ಧಾರವಾಡಗಳ ನಡುವಿನ ತ್ವರಿತ ಸಾರಿಗೆಯ ನಿಲ್ದಾಣಗಳ ವಿಶೇಷವೇನು?

ಈ) ಸಂದರ್ಭ ಸಹಿತ ವಿವರಿಸಿರಿ
1. “ಸಾವಕಾಶ ಎತ್ತ್ರಿ, ಕಾಲಿಗೆ ಬಡದೀತು.”
2. “ಪೀಪಾಯಿಗೆ ದೊರೆತ ಈ ಜಾಣ್ಮೆ ಮನುಷ್ಯನಿಗೆ ಎಷ್ಟೋ ವೇಳೆ ದೊರೆತಿಲ್ಲ.”

ಉ) ಮಾಡಿ ನೋಡಿರಿ
ನಿಮ್ಮ ಶಾಲೆಯ ಬಾಗಿಲಿನ ಮೆಟ್ಟಿಲುಗಳ ಒಟ್ಟು ಎತ್ತರವನ್ನು ಅಳೆಯಿರಿ. ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿ ಅಲ್ಲಿಗೆ ಎಷ್ಟು ಉದ್ದದ ಇಳಿಜಾರು ಬೇಕಾಗುವುದೆಂದು ಲೆಕ್ಕ ಮಾಡಿರಿ.