ಕಂಪ್ಯೂಟರ್ ಪ್ರಶ್ನೋತ್ತರ: ಬ್ಯಾಕಪ್ ಇದೆ ಸರಿ, ತೆರೆದು ನೋಡಿದ್ದೀರಾ?

ಪ್ರಶ್ನೆ: ಲಗ್ನಪತ್ರಿಕೆ, ಪುಸ್ತಕದ ಪುಟ ಎಂದು ಇಪ್ಪತ್ತು ವರ್ಷದ ಕೆಲಸವೆಲ್ಲ ಒಂದೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿತ್ತು. ಹೋದ ವಾರ ಅದು ಮೇಜಿನಿಂದ ಬಿತ್ತು. ಈಗ ಹಾಕಿದರೆ ಟಿಕ್ ಟಿಕ್ ಅನ್ನುತ್ತದೆ, ಫೈಲ್ ಕಾಣುವುದಿಲ್ಲ. ರಿಕವರಿ ಸಾಫ್ಟ್‌ವೇರ್ ಓಡಿಸಲೇ?
– ಡಿಟಿಪಿ ಅಂಗಡಿಯವರು, ದಾವಣಗೆರೆ

ಉತ್ತರ: ಬೇಡ. ಮೊದಲು ಕೇಬಲ್ ಕಿತ್ತು ಡಿಸ್ಕನ್ನು ಪಕ್ಕಕ್ಕಿಡಿ. ಅದರೊಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಓದುವ ಹೆಡ್ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ, ತಾಗದೆ ತೇಲುತ್ತಿರಬೇಕು. ಬಿದ್ದ ಡಿಸ್ಕ್ ಟಿಕ್ ಎಂದರೆ ಸಾಮಾನ್ಯವಾಗಿ ಹೆಡ್ ಪೆಟ್ಟು ತಿಂದು ತಡಕಾಡುತ್ತಿದೆ ಎಂದರ್ಥ. ಹಾಕಿ ತೆಗೆದಷ್ಟೂ ತಟ್ಟೆ ಗೀಚಿಹೋಗಬಹುದು. ಗೀಚಿಹೋದದ್ದು ಯಾರ ಕೈಗೂ ಮರಳಿ ಸಿಗದು. ಧೂಳಿಲ್ಲದ ಕೋಣೆಯಿರುವ ರಿಕವರಿ ಲ್ಯಾಬ್‌ಗೆ ಕೊಡಿ. ಡೇಟಾ ಸಿಗದಿದ್ದರೆ ಎಷ್ಟು ಕೊಡಬೇಕೆಂದು ಮೊದಲೇ ಬರೆಸಿಕೊಳ್ಳಿ. ಸಾಫ್ಟ್‌ವೇರ್ ಕೆಲಸಕ್ಕೆ ಬರುವುದು ಡಿಸ್ಕ್ ಸರಿಯಿದ್ದು, ಕೈತಪ್ಪಿ ಫೈಲ್ ಅಳಿಸಿದಾಗ.

ನಿಮ್ಮ ವೃತ್ತಿಯವರಿಗೆ ಇನ್ನೊಂದು ಮಾತು. ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಮಾಡಿದ ಪುಟ ಮರಳಿ ಸಿಕ್ಕಿತೆನ್ನಿ. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ‘ಕನ್ನಡ’ ಎಂಬ ಪದವೇ ಪೌಂಡ್ ಚಿಹ್ನೆ ಬೆರೆತ ಕಲಸುಮೇಲೋಗರವಾಗಿ ಕಾಣುತ್ತದೆ. ಫೈಲ್ ಜೊತೆ ಫಾಂಟನ್ನೂ ಒಂದು ಪಿಡಿಎಫ್ ಪ್ರತಿಯನ್ನೂ ಇಡಿ. ಬಿಡುವಾದಾಗ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿ.

ಪ್ರಶ್ನೆ: ಫೋನ್ ತುಂಬಿತೆಂದು ಮೊಮ್ಮಗಳ ನಾಮಕರಣದ ಫೋಟೋ ಅಳಿಸಿದೆ. ಗೂಗಲ್ ಫೋಟೋಸ್‌ನಲ್ಲಿ ಇರುತ್ತವಲ್ಲ ಎಂದುಕೊಂಡಿದ್ದೆ. ಅಲ್ಲೂ ಇಲ್ಲ!
– ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಗಾಬರಿ ಬೇಡ ಟೀಚರ್. ಆ ಆ್ಯಪ್‌ನ ಟ್ರ್ಯಾಶ್ ತೆರೆಯಿರಿ. ಬ್ಯಾಕಪ್ ಆಗಿದ್ದ ಫೋಟೋಗಳು ಅಲ್ಲಿ 60 ದಿನ ಇರುತ್ತವೆ. ಆರಿಸಿ ‘ರೀಸ್ಟೋರ್’ ಒತ್ತಿ. ನೀವೇ ತರಗತಿಯಲ್ಲಿ ಕಂಡ ಸಂಗತಿ ಇದು: ಕಪ್ಪುಹಲಗೆ ಒರೆಸಿದರೆ ಎದುರಿನ ಕನ್ನಡಿಯಲ್ಲೂ ಅಕ್ಷರ ಹೋಗುತ್ತದೆ, ಮಕ್ಕಳ ನೋಟ್‌ಬುಕ್‌ನಲ್ಲಿ ಉಳಿಯುತ್ತದೆ. ಸಿಂಕ್ ಎನ್ನುವುದು ಕನ್ನಡಿ, ಬ್ಯಾಕಪ್ ನೋಟ್‌ಬುಕ್. ಮುಖ್ಯವಾದ ಚಿತ್ರಗಳನ್ನು ಒಂದು ಹಾರ್ಡ್ ಡಿಸ್ಕ್‌ಗೂ ಕಾಪಿ ಮಾಡಿ ಮಗಳ ಮನೆಯಲ್ಲಿಡಿ.

ಪ್ರಶ್ನೆ: ಸಹಕಾರ ಸಂಘದ ಲೆಕ್ಕವನ್ನು ದಿನಾ ಸಂಜೆ ಟ್ಯಾಲಿಯಿಂದ ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆಯುತ್ತಿದ್ದೆವು. ಪೆನ್‌ಡ್ರೈವ್ ಕಂಪ್ಯೂಟರಿನಲ್ಲೇ ಇರುತ್ತಿತ್ತು. ಸೋಮವಾರ ನೋಡಿದರೆ ಎಲ್ಲ ಫೈಲ್‌ಗೂ ಬೀಗ, ಬಿಟ್‌ಕಾಯಿನ್ ಕೇಳುವ ಚೀಟಿ. ಪೆನ್‌ಡ್ರೈವೂ ಹಾಗೇ. ಹಣ ಕಟ್ಟಿದರೆ ಬಿಡುತ್ತಾರಾ?
– ಸಂಘದ ಕಾರ್ಯದರ್ಶಿ, ಮಂಡ್ಯ

ಉತ್ತರ: ಕಟ್ಟಬೇಡಿ, ಕಟ್ಟಿದವರಿಗೆಲ್ಲ ಕೀ ಸಿಕ್ಕಿಲ್ಲ. ನೆಟ್‌ವರ್ಕ್ ಕೇಬಲ್ ತೆಗೆಯಿರಿ. ಆ ಚೀಟಿಯ ಫೋಟೋ ತೆಗೆದುಕೊಂಡು ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡಿ. ಡಚ್ ಪೊಲೀಸರು ಮತ್ತು ಯೂರೋಪೋಲ್ 2016ರಲ್ಲಿ ಖಾಸಗಿ ಸಂಸ್ಥೆಗಳ ಜೊತೆ ಶುರು ಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬಗೆಯ ರ‍್ಯಾನ್ಸಮ್‌ವೇರ್‌ಗೆ ಉಚಿತ ಕೀ ಸಿಗುತ್ತದೆ. ಇವತ್ತು ಸಿಗದ ಕೀ ನಾಳೆ ಸಿಗಬಹುದು. ಹಾಗಾಗಿ ಬೀಗ ಬಿದ್ದ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ತೆಗೆದಿಟ್ಟ ಮೇಲೆಯೇ ಫಾರ್ಮ್ಯಾಟ್ ಮಾಡಿ.

ಮುಂದಕ್ಕೆ 3-2-1 ಸೂತ್ರ ಹಿಡಿಯಿರಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಕಚೇರಿಯಿಂದ ಹೊರಗೆ. ಬ್ಯಾಕಪ್ ಮುಗಿದ ಕೂಡಲೇ ಪೆನ್‌ಡ್ರೈವ್ ಕಿತ್ತು ಬೀರುವಿನಲ್ಲಿಡಿ. ಚುಚ್ಚಿಯೇ ಬಿಟ್ಟರೆ ಬೀರುವಿನ ಬೀಗಕ್ಕೇ ಕೀಲಿಕೈ ನೇತುಹಾಕಿದಂತೆ.

ಇಷ್ಟಾದರೂ ಸಾಲದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನ ಡೇಟಾಬೇಸ್ ಅಳಿಸಿಬಿಟ್ಟರು. ಐದು ಬಗೆಯ ಬ್ಯಾಕಪ್ ವ್ಯವಸ್ಥೆಯಿದ್ದರೂ ಒಂದೂ ನೆಟ್ಟಗೆ ಕೈಗೆ ಬರಲಿಲ್ಲ. ಸುಮಾರು ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ತೆಗೆದಿಟ್ಟ ಒಂದು ನಕಲು ಮಾನ ಉಳಿಸಿತು.

ನಿಮ್ಮ ಕಡೆ ಬಿತ್ತನೆಗೆ ಮುಂಚೆ ಹಿಡಿ ಭತ್ತವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡುತ್ತಾರಲ್ಲ, ಬ್ಯಾಕಪ್‌ಗೂ ಅದೇ ಪರೀಕ್ಷೆ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ರೀಸ್ಟೋರ್ ಮಾಡಿ, ಯಾರಾದರೊಬ್ಬ ಸದಸ್ಯರ ಖಾತೆ ತೆರೆದು, ಅವರ ಪಾಸ್‌ಬುಕ್ಕಿನ ಬಾಕಿಯೊಂದಿಗೆ ತಾಳೆ ನೋಡಿ.