ಎಕ್ಸ್-ರೇಯಲ್ಲಿ ಕಾಣದ ಗಾಯ: ಎಂವಿಸಿ ಕೇಸುಗಳು ಕಲಿಸಿದ 7 ಪಾಠ

ಅಪಘಾತದ ಕೇಸು ಹಿಡಿದು ಬರುವವರು ಕಾಲಿನ ರಾಡು, ಕೈಯ ಪ್ಲೇಟು, ಎಕ್ಸ್-ರೇ ಎಲ್ಲವನ್ನೂ ಮೇಜಿನ ಮೇಲೆ ಹರಡುತ್ತಾರೆ. ಎದ್ದು ಹೊರಡುವಾಗ ಜೊತೆಗೆ ಬಂದ ಹೆಂಡತಿ ಬಾಗಿಲ ಬಳಿ ನಿಂತು, ‘ಸಾರ್, ಇವ್ರು ರಾತ್ರಿ ಕಿರುಚ್ಕೊಂಡು ಏಳ್ತಾರೆ’ ಅನ್ನುತ್ತಾರೆ. ಕೇಸಿನ ಅರ್ಧ ಭಾಗ ಎಷ್ಟೋ ಸಲ ನನಗೆ ಸಿಕ್ಕಿರುವುದು ಆ ಬಾಗಿಲ ಬಳಿಯೇ. ತುಮಕೂರಿನಲ್ಲಿ ಮೋಟಾರು ಅಪಘಾತ ಪರಿಹಾರದ (ಎಂವಿಸಿ) ಕೇಸುಗಳನ್ನು ನಡೆಸುತ್ತ ಕಲಿತದ್ದು ಇಷ್ಟು.

1. ಕೇಳದಿದ್ದರೆ ಸಿಗುವುದಿಲ್ಲ. ಮನಸ್ಸಿನ ಆಘಾತಕ್ಕೂ ಪರಿಹಾರ ಉಂಟು ಎಂಬುದು ಹೊಸ ಮಾತೇನಲ್ಲ. 1995ರ ಹಟ್ಟಂಗಡಿ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ದೈಹಿಕ ನೋವಿನ ಜೊತೆಗೆ ಮಾನಸಿಕ ಆಘಾತವನ್ನೂ ಎಣಿಸಿತ್ತು. 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ‘ನೋವು, ಯಾತನೆ, ಆಘಾತ’ ಒಂದು ಪ್ರತ್ಯೇಕ ಬಾಬ್ತು. ಅರ್ಜಿಯಲ್ಲಿ ವಿವರ ಬರೆಯದೆ ಹೋದರೆ ಆ ಬಾಬ್ತಿಗೆ ಅಂದಾಜಿನ ಒಂದು ಮೊತ್ತ ಬಿದ್ದು ಮುಗಿಯುತ್ತದೆ.

2. ಡಾಕ್ಟರಿಗೆ ಹೇಳಿ, ಚೀಟಿಯಲ್ಲಿ ಬರೆಸಿ. ವೂಂಡ್ ಸರ್ಟಿಫಿಕೇಟಿನಲ್ಲಿ ಇರುವುದು ಮೈಮೇಲಿನ ಗಾಯಗಳು ಮಾತ್ರ. ಮೂಳೆ ಡಾಕ್ಟರ ಬಳಿ ಮತ್ತೆ ತೋರಿಸಲು ಹೋದಾಗ ‘ನಿದ್ದೆ ಬರ್ತಿಲ್ಲ, ಹಾರ್ನ್ ಕೇಳಿದ್ರೆ ಬೆವರ್ತೀನಿ’ ಎಂದು ಹೇಳಿದರೆ, ಓಪಿಡಿ ಚೀಟಿಯ ಆ ಒಂದು ಸಾಲು ಮುಂದೆ ದೊಡ್ಡ ಸಾಕ್ಷಿ. ತಿಂಗಳು ದಾಟಿದರೂ ಕೆಟ್ಟ ಕನಸು, ಬೆಚ್ಚಿಬೀಳುವುದು, ಆ ರಸ್ತೆ ತಪ್ಪಿಸಿ ಸುತ್ತಿ ಹೋಗುವುದು ನಿಲ್ಲದಿದ್ದರೆ ಮನೋವೈದ್ಯರನ್ನು ಕಾಣಬೇಕು. ಅದು ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ, ಪಿಟಿಎಸ್‌ಡಿ ಇರಬಹುದು. ವರ್ಷ ಬಿಟ್ಟು ಮೊದಲ ಬಾರಿ ಹೋದವರ ಕಾಯಿಲೆಯನ್ನು ವಿಮಾ ಕಂಪನಿಯ ವಕೀಲರು ‘ಕೇಸಿಗೋಸ್ಕರ ಹುಟ್ಟಿದ್ದು’ ಎನ್ನುತ್ತಾರೆ.

3. ರೋಗದ ಹೆಸರಿಗಿಂತ ನಿಂತುಹೋದ ಕೆಲಸ ಮುಖ್ಯ. ಎಡಗೈ ಕಳೆದುಕೊಂಡ ಚಾಲಕನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋಗಬಹುದು, ಸರ್ಕಾರಿ ಗುಮಾಸ್ತನದು ಹಾಗೆ ಹೋಗಲಾರದು ಎಂದು ರಾಜ್‌ಕುಮಾರ್ ತೀರ್ಪೇ ಹೇಳುತ್ತದೆ. ಭಯಕ್ಕೂ ಇದೇ ಲೆಕ್ಕ. ದಾಬಸ್‌ಪೇಟೆ ಹತ್ತಿರ ನಿಂತಿದ್ದ ಟೆಂಪೊಗೆ ಹಿಂದಿನಿಂದ ಲಾರಿ ಗುದ್ದಿದ ಕೇಸೊಂದಿತ್ತು. ಚಾಲಕನ ಮೂಳೆ ಕೂಡಿತ್ತು, ಆದರೆ ಸ್ಟೇರಿಂಗ್ ಹಿಡಿದರೆ ಕೈ ನಡುಗುತ್ತಿತ್ತು. ಪಾಟೀಸವಾಲಿನಲ್ಲಿ ಎದುರು ವಕೀಲರು ಕೇಳಿದರು: ‘ಕೋರ್ಟಿಗೆ ಹೇಗೆ ಬಂದ್ರಿ?’

‘ಬಸ್ಸಲ್ಲಿ ಸಾರ್.’

‘ಬಸ್ಸೂ ರಸ್ತೆ ಮೇಲೇ ಓಡೋದಲ್ವೇನ್ರೀ? ಆಗ ಹೆದರಿಕೆ ಆಗ್ಲಿಲ್ವಾ?’

‘ಮುಖಕ್ಕೆ ಟವಲ್ ಹಾಕ್ಕೊಂಡು ಕೂತಿದ್ದೆ ಸಾರ್.’

ನ್ಯಾಯಾಧೀಶರು ಆ ಮಾತನ್ನು ಹಾಗೇ ಹೇಳಿ ಬರೆಸಿದರು. ನಾನು ಅರ್ಜಿಯಲ್ಲಿ ತುಂಬಿಸಿದ್ದ ದೊಡ್ಡ ಪದಗಳಿಗಿಂತ ಆ ಟವಲ್ಲಿನ ತೂಕ ಹೆಚ್ಚಿತ್ತು.

4. ಚಿಕಿತ್ಸೆ ಕೊಟ್ಟವರೇ ಸಾಕ್ಷಿ ಹೇಳಲಿ. ಒಮ್ಮೆಯೂ ಚಿಕಿತ್ಸೆ ಕೊಡದ ವೈದ್ಯರ ಸಿದ್ಧ ಸರ್ಟಿಫಿಕೇಟುಗಳ ವಿಷಯದಲ್ಲಿ ಹುಷಾರಾಗಿರಿ ಎಂದು ಸುಪ್ರೀಂ ಕೋರ್ಟೇ ನ್ಯಾಯಮಂಡಳಿಗಳಿಗೆ ಹೇಳಿದೆ. ಮಾನಸಿಕ ಅಂಗವೈಕಲ್ಯ ಅಳೆಯುವ ‘ಐಡಿಯಾಸ್’ ಮಾಪಕ ನೋಡುವುದು ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ ಈ ನಾಲ್ಕನ್ನು. ವೈದ್ಯರ ವರದಿಯೂ ಇವುಗಳ ಬಗ್ಗೆ ಮಾತಾಡಬೇಕು.

5. ಹಳೆಯದನ್ನು ಮುಚ್ಚಿಡಬೇಡಿ. ಮೊದಲೇ ಖಿನ್ನತೆಗೆ ಮಾತ್ರೆ ನುಂಗುತ್ತಿದ್ದರೆ ನಿಮ್ಮ ವಕೀಲರಿಗೆ ಹೇಳಿ. ‘ಇದ್ದದ್ದು ಅಪಘಾತದಿಂದ ಉಲ್ಬಣಿಸಿತು’ ಎಂದು ವಾದಿಸಬಹುದು. ಬಚ್ಚಿಟ್ಟದ್ದು ಕೋರ್ಟಿನಲ್ಲಿ ಹೊರಬಿದ್ದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

6. ಅರ್ಜಿ ಬೇಗ ಹಾಕಿ, ರಾಜಿ ನಿಧಾನ ಮಾಡಿ. 2022ರ ಏಪ್ರಿಲ್ 1ರಿಂದ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮ ಮರಳಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿವೆ, ಆದರೆ ಅದನ್ನೇ ನೆಚ್ಚಿ ಕೂರಬೇಡಿ. ಚಿಕಿತ್ಸೆಯ ದಾಖಲೆಗಳನ್ನು ಆಮೇಲೂ ಹಾಜರುಪಡಿಸಬಹುದು. ಲೋಕ ಅದಾಲತ್‌ನಲ್ಲಿ ಮಾತ್ರ ಅವಸರ ಬೇಡ. ಅಲ್ಲಿ ಸಹಿ ಬಿದ್ದರೆ ಮೇಲ್ಮನವಿಗೆ ದಾರಿಯಿಲ್ಲ, ಮನಸ್ಸು ಚೇತರಿಸಿಕೊಂಡಿದೆಯೋ ಇಲ್ಲವೋ ತಿಳಿದ ಮೇಲೆಯೇ ಒಪ್ಪಿ.

7. ತಪ್ಪು ನಿಮ್ಮದೇ ಆಗಿದ್ದರೆ ದಾರಿ ಬೇರೆ. ಮಾಲೀಕ-ಚಾಲಕರಿಗಿರುವ 15 ಲಕ್ಷದ ಕಡ್ಡಾಯ ವಿಮೆ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ, ಬರೀ ಭಯಕ್ಕಲ್ಲ. ಚಿಕಿತ್ಸೆಯ ಖರ್ಚಿಗೆ ನಿಮ್ಮ ಆರೋಗ್ಯ ವಿಮೆ ನೋಡಿ. ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ.

ಕೊನೆಗೊಂದು ಮಾತು. ಕೇಸು ವರ್ಷಗಟ್ಟಲೆ ಎಳೆಯಬಹುದು, ನಿದ್ದೆ ಅಲ್ಲಿಯವರೆಗೆ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ವಕೀಲರ ಆಫೀಸಿಗೆ ಬರುವ ಮೊದಲು ಆ ಕರೆ ಮಾಡಿ.